ಲಾಳಿಯಲ್ಲಿ ಹಡಗು ಕಟ್ಟಿದ ಅಮೀನರು

ಆಗ ನನಗೆ ಅರವತ್ತಾರು ತುಂಬಿತ್ತು. ಇದು ಆರು ವರ್ಷದ ಹಿಂದಿನ ಮಾತು. ಮೊಳಕಾಲ್ಮುರಿನಲ್ಲಿ ಸೀರೆ ನೇಯುವ ನಮ್ಮ ಮನೆಯ ಬೀದಿ ಕಡೆಯ ಕೋಣೆಯಲ್ಲಿ ಅಮೀನರು ಬಾಡಿಗೆಗೆ ಇದ್ದರು. ಕೋರ್ಟಿನಲ್ಲಿ ಅಮೀನರಾಗಿದ್ದು ನಿವೃತ್ತಿಯಾದವರು. ಊರೆಲ್ಲ ಅವರನ್ನು ಅಮೀನರು ಎಂದೇ ಕರೆಯುತ್ತಿತ್ತು, ನಾನೂ ಹಾಗೇ ಬರೆಯುತ್ತೇನೆ. ಹೋದ ತಿಂಗಳು ತೀರಿಕೊಂಡರು. ಬರೀ ಒಳ್ಳೆಯದನ್ನೇ ಹೇಳು ಎಂದರೆ ಎರಡು ಸಾಲಿಗೆ ಮುಗಿಯುತ್ತದೆ. ಅದಕ್ಕೆ ಎಲ್ಲವನ್ನೂ ಹೇಳುತ್ತೇನೆ.

ಅಮೀನ ಎಂದರೆ ಕೋರ್ಟಿನ ನೋಟೀಸನ್ನು ಮನೆಮನೆಗೆ ಮುಟ್ಟಿಸುವವನು. ಕೋರ್ಟು ಹೇಳಿದರೆ ಮನೆಯ ಸಾಮಾನು ಜಪ್ತಿ ಮಾಡುವವನೂ ಅವನೇ. ಇವರು ಚಳ್ಳಕೆರೆ ಸುತ್ತಲಿನ ಹಳ್ಳಿಗಳನ್ನೆಲ್ಲ ಸೈಕಲ್ಲಿನಲ್ಲಿ ಸುತ್ತಿ ಅದನ್ನೇ ಮಾಡಿದವರು. ಇವರು ಕೆಲಸ ಬಿಟ್ಟರೂ ಕೆಲಸ ಇವರನ್ನು ಬಿಟ್ಟಿರಲಿಲ್ಲ. ಯಾರ ಮನೆಗೇ ಹೋಗಲಿ, ಹೊಸ್ತಿಲ ಹೊರಗೆ ನೆಟ್ಟಗೆ ನಿಂತು, ಮನೆಯವರ ಹೆಸರನ್ನು ಅಪ್ಪನ ಹೆಸರು ಇಲ್ಲವೇ ಗಂಡನ ಹೆಸರಿನ ಸಮೇತ ಕೂಗುವರು. ನಮ್ಮ ಮನೆಯಲ್ಲಿ ಒಂದು ಲೋಟ ಮಜ್ಜಿಗೆ ಬೇಕಾದರೂ, ಎಂದೋ ಸತ್ತ ನನ್ನ ಗಂಡನ ಹೆಸರು ಬೀದಿಗೆಲ್ಲ ಕೇಳಬೇಕು.

"ಅವರ ಹೆಸರು ಯಾಕ್ರಿ ತೆಗೀತೀರಾ? ಕುಡಿಯೋರು ನೀವು, ಕೊಡೋಳು ನಾನು" ಎಂದರೆ, "ಗುರುತು ಖಾತ್ರಿ ಆಗ್ಬೇಕಲ್ರಿ" ಎನ್ನುತ್ತಿದ್ದರು.

ಬಚ್ಚಲಿನ ಬಾಗಿಲ ಮುಂದೆಯೂ ಹೀಗೇ. ಮೂರು ಸಲ ಕೂಗುವರು. ಒಳಗಿದ್ದವರು ಸುಮ್ಮನಿದ್ದರೆ ಟವೆಲ್ಲನ್ನು ಬಾಗಿಲ ಚಿಲಕಕ್ಕೆ ತಗಲಿಸಿ ಹೋಗಿಬಿಡುವರು. ಅವರ ಲೆಕ್ಕದಲ್ಲಿ ನೋಟೀಸು ಅಂಟಿಸಿದ ಹಾಗೆ.

ಹೆಂಡತಿ ಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಕೋಣೆಯಲ್ಲಿ ಸಾಮಾನೂ ಇರಲಿಲ್ಲ. ಒಂದು ಚಾಪೆ, ಒಂದು ಸ್ಟೌ, ಎರಡು ಪಂಚೆ, ಒಂದು ಮೇಜು. ಮೇಜು ನನ್ನದು. ಒಂದು ಕುರ್ಚಿಯಾದರೂ ತಂದುಕೊಳ್ಳಿ ಎಂದೆ. "ಸಾಮಾನು ಅಂದ್ರೆ ಏನಂತ ನಂಗೊತ್ತು ಮಗ್ಗದಮ್ಮ. ಅವು ಅಳ್ತಾ ಲಾರಿ ಹತ್ತೋದನ್ನ ನೋಡೀನಿ" ಎಂದರು. ಸಾಮಾನು ಅಳುವುದಿಲ್ಲ, ಸಾಮಾನಿನವರು ಅಳುತ್ತಾರೆ ಎಂದು ನಾನು ತಿದ್ದಿದೆ. ಅವರು ಒಪ್ಪಲಿಲ್ಲ.

ನನ್ನದು ರೇಷ್ಮೆ ಸೀರೆಯ ಗುಂಡಿ ಮಗ್ಗ, ನೆಲದಲ್ಲಿ ಗುಂಡಿ ತೋಡಿ ಅದರಲ್ಲಿ ಕಾಲು ಇಳಿಬಿಟ್ಟು ನೇಯುವುದು. ಒಂದು ದಿನ ಒಂದು ತುದಿ ಒಡೆದ ಲಾಳಿಯೊಂದನ್ನು ಒಲೆಗೆ ಹಾಕಲು ಹೊರಟಿದ್ದೆ. ಲಾಳಿ ಎಂದರೆ ನೂಲಿನ ಕಂಡಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಮರದ ತುಂಡು, ಎರಡು ತುದಿಯೂ ಚೂಪು, ನಡುವೆ ಟೊಳ್ಳು. ಅಮೀನರು ಅದನ್ನು ನನ್ನ ಕೈಯಿಂದ ಕಿತ್ತುಕೊಂಡರು. ಕಣ್ಣಿನ ಹತ್ತಿರ ಹಿಡಿದು, ತಿರುಗಿಸಿ, ಮೂಸಿ ನೋಡಿದರು.

"ಇದು ಹಡಗಲ್ವೇನ್ರಿ!"

"ಲಾಳಿ" ಎಂದೆ.

"ನಿಮಗೆ ಲಾಳಿ" ಎಂದರು.

ಅಲ್ಲಿಂದ ಶುರುವಾಯಿತು. ಅವರು ಫೋನಿನಲ್ಲಿ ಯಾರೋ ಹೊರದೇಶದ ಮುದುಕರು ಮೇಜಿನ ಮೇಲೆ ಹಡಗಿಟ್ಟುಕೊಂಡು ಯುದ್ಧ ಆಡುವುದನ್ನು ನೋಡಿದ್ದರಂತೆ. ಹಳೆಯ ಕಾಲದ ಹಾಯಿ ಹಡಗು, ಗೇಣುದ್ದದ್ದು. ದಾಳ ಹಾಕುವುದು, ಕಡ್ಡಿಯಲ್ಲಿ ಅಳೆದು ಹಡಗು ನಡೆಸುವುದು, ಮತ್ತೆ ದಾಳ ಹಾಕಿ ಫಿರಂಗಿ ಹೊಡೆಯುವುದು. ನೋಡಿ ನೋಡಿ ಕಾನೂನೆಲ್ಲ ಬಾಯಿಪಾಠ ಮಾಡಿದ್ದರು. ಹಡಗು ಇರಲಿಲ್ಲ, ಅಷ್ಟೇ. ಈಗ ನಮ್ಮ ಕೇರಿಯಲ್ಲಿ ಯಾರ ಮನೆಯ ಲಾಳಿ ಒಡೆದರೂ ಇವರು ಹೊಸ್ತಿಲಲ್ಲಿ ನಿಂತು ಹೆಸರು ಕೂಗುತ್ತಿದ್ದರು. ಜನ ಪೂರ್ತಿ ಕೇಳುವ ಮೊದಲೇ ಲಾಳಿ ಕೊಟ್ಟು ಕಳಿಸುತ್ತಿದ್ದರು.

ಲಾಳಿಯ ಒಡೆದ ತುದಿ ಹಡಗಿನ ಹಿಂಬದಿ, ಚೂಪು ತುದಿ ಮೂತಿ. ಟೊಳ್ಳಿಗೆ ಐಸ್‌ಕ್ರೀಂ ಕಡ್ಡಿ ಸೀಳಿ ಅಟ್ಟ ಹಾಕಿದರು. ಊದುಬತ್ತಿಯ ಕಡ್ಡಿ ಹಡಗಿನ ಕಂಬವಾಯಿತು. ಮುಗಿದುಹೋದ ಪೆನ್ನಿನ ಕಡ್ಡಿ ಕತ್ತರಿಸಿ ಫಿರಂಗಿ ಮಾಡಿದರು, ಪಕ್ಕದಲ್ಲಿ ಗುಂಡು ಅಂತ ಸಾಸಿವೆ ಅಂಟಿಸಿದರು. ಸಾಸಿವೆ ನನ್ನ ಡಬ್ಬಿಯದು. ಸಮುದ್ರಕ್ಕೆ ಶೇಂಗಾ ಒಣಗಿಸುವ ನೀಲಿ ಟಾರ್ಪಾಲು. ನಡುವೆ ದ್ವೀಪ ಬೇಕೆಂದು ಸಿದ್ದಾಪುರದ ಗುಡ್ಡದಿಂದ ಕಲ್ಲು ಆರಿಸಿ ತಂದರು. ಬಸ್ಸಿನಲ್ಲಿ ಕಂಡಕ್ಟರು ಆ ಚೀಲಕ್ಕೆ ಲಗೇಜು ಟಿಕೇಟು ಹರಿದನಂತೆ. "ದ್ವೀಪಕ್ಕೆ ಟಿಕೇಟು ತಗೊಂಡೋನು ತಾಲೂಕಿಗೆ ನಾನೊಬ್ನೇ" ಎಂದು ಹೆಮ್ಮೆಯಿಂದ ಹೇಳಿಕೊಂಡರು. ದ್ವೀಪಗಳಿಗೆ ಬಿ.ಜಿ. ಕೆರೆ, ಗೌರಸಮುದ್ರ ಎಂದು ಹೆಸರಿಟ್ಟರು. ನಮ್ಮ ಕಡೆ ನೀರು ಇರುವುದೇ ಊರಿನ ಹೆಸರಿನಲ್ಲಿ, ಅದನ್ನೂ ತಂದು ಸಮುದ್ರಕ್ಕೆ ಹಾಕಿದರು.

ಒಂದು ಸಲ ನಾನು ಕೋಣೆ ಗುಡಿಸಲು ಹೋಗಿ ಒಂದು ಹಡಗನ್ನು ಮೇಜಿನಿಂದ ಕೆಳಗೆ ಹಾಕಿದೆ. ಗೊತ್ತಾಗದೆ ಮೊರಕ್ಕೂ ಬಳಿದೆ. ಅಮೀನರು ತಿಪ್ಪೆಯವರೆಗೂ ಬಂದು ಕಸ ಕೆದಕಿ ಎರಡು ಫಿರಂಗಿ ಆರಿಸಿಕೊಂಡರು. ಬೈಯಲಿಲ್ಲ. "ಬಿರುಗಾಳಿ ಅಂತ ತಿಳ್ಕೋತೀನಿ" ಎಂದರು. ಆ ದಿನದಿಂದ ನನ್ನ ಪೊರಕೆಗೆ ಆ ಕೋಣೆಯಲ್ಲಿ ಪ್ರವೇಶವಿಲ್ಲ.

ಯುದ್ಧಕ್ಕೆ ಎದುರಾಳಿ ಬೇಕು. ಸಿಕ್ಕಿದವರು ಸ್ವಂತ ತಮ್ಮ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಯಜಮಾನ. ಮಿಲ್ಲನ್ನು ಮಕ್ಕಳಿಗೆ ಬಿಟ್ಟುಕೊಟ್ಟು, ಮಾಡಲು ಕೆಲಸವಿಲ್ಲದೆ ಎಲ್ಲರ ಮೇಲೂ ರೇಗುತ್ತ ಇದ್ದವರು. ಅಣ್ಣನ ಹುಚ್ಚು ನೋಡಿ ನಗಲು ಒಂದು ಭಾನುವಾರ ಬಂದರು, ಸಂಜೆಯೊಳಗೆ ಹಡಗು ಕಳೆದುಕೊಂಡು ಅಣ್ಣನ ಕಾಲರು ಹಿಡಿದಿದ್ದರು. ಮುಂದಿನ ಭಾನುವಾರ ಬಡಗಿಯ ಕೈಯಲ್ಲಿ ಮಾಡಿಸಿದ ಸ್ವಂತ ಹಡಗುಗಳನ್ನು ಎಣ್ಣೆ ಪ್ಯಾಕೆಟ್ಟಿನ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಬಂದರು. ಅಂದಿನಿಂದ ಪ್ರತಿ ಭಾನುವಾರ ನನ್ನ ಮನೆಯಲ್ಲಿ ಯುದ್ಧ. ಇಬ್ಬರೂ ಕನ್ನಡದಲ್ಲಿ ಶುರು ಮಾಡುವರು, ಜಗಳ ಬಿಸಿಯಾದಾಗ ತೆಲುಗಿಗೆ ಹೋಗುವರು. "ಊರುಕೋರಾ!", ಎಂದರೆ ಸುಮ್ಮನಿರೋ, ಎಂದು ಅಣ್ಣ ಗದರುವುದು ಮಗ್ಗದ ಸದ್ದಿನ ಮೇಲೂ ಕೇಳುತ್ತಿತ್ತು.

ಇಬ್ಬರೂ ಹಡಗನ್ನು ಕಂಡವರಲ್ಲ. ಸಮುದ್ರವನ್ನು ಮಾತ್ರ ಒಮ್ಮೆ ಕಂಡಿದ್ದರು. ತಮ್ಮನೇ ಬಾಡಿಗೆ ಕಾರು ಮಾಡಿ ಅಣ್ಣನನ್ನು ಗೋಕರ್ಣಕ್ಕೆ ಕರೆದುಕೊಂಡು ಹೋಗಿದ್ದರಂತೆ. ಹೇಗಿತ್ತು ಎಂದು ಅಮೀನರನ್ನು ಕೇಳಿದೆ.

"ಅಳತೆ ಸರಿಯಿಲ್ಲ. ಭಾಳ ದೊಡ್ಡದು ಮಾಡಿಬಿಟ್ಟಾರೆ" ಎಂದರು.

ಆ ವರ್ಷ ಆಷಾಢದಲ್ಲಿ ತಮ್ಮ ಬೇರೆ ವರಸೆ ತೆಗೆದರು. ಚಳ್ಳಕೆರೆಯಲ್ಲಿ ಜನ ಆಡಿಕೊಳ್ಳುತ್ತಾರಂತೆ, ತಮ್ಮನದು ಮಿಲ್ಲು, ಅಣ್ಣ ನೇಯುವವರ ಮನೆಯ ಕೋಣೆಯಲ್ಲಿ ಬಿದ್ದಿದ್ದಾನೆ ಅಂತ. "ಅಣ್ಣಾ, ಸಾಕಿನ್ನು. ನಮ್ಮನೇಗೆ ಬಂದ್ಬಿಡು. ಮೇಲೆ ನಿಂಗೇ ಒಂದು ರೂಮು" ಎಂದರು. ಅಮೀನರು ಬರುವುದಿಲ್ಲ ಎಂದರು. ಮೂರು ಭಾನುವಾರ ಇದೇ ಆಯಿತು. ಕೊನೆಗೆ ತಮ್ಮ ಮೇಜು ಗುದ್ದಿ, "ಹಂಗಾದ್ರೆ ಇದ್ರಲ್ಲೇ ತೀರ್ಮಾನ ಆಗ್ಲಿ. ಬರೋ ಭಾನುವಾರ ಸೋತ್ರೆ ಅವತ್ತೇ ಗಂಟು ಕಟ್ಟಿ ನನ್ ಜೊತೆ ಬಸ್ ಹತ್ಬೇಕು. ಗೆದ್ರೆ ನಾನು ಸಾಯೋಗಂಟ ಈ ಮಾತು ಎತ್ತಲ್ಲ" ಎಂದರು. ಅಮೀನರು ಹೂಂ ಎಂದರು.

ತಮ್ಮ ಹೋದ ಮೇಲೆ ನಾನು ಕೇಳಿದೆ. "ಹೋದ್ರೆ ನಿಮಗೇನ್ರಿ ಕಷ್ಟ? ಹೊತ್ತೊತ್ತಿಗೆ ಅನ್ನ ಹಾಕ್ತಾರೆ."

"ಹಾಕ್ತಾರೆ. ಹಾಲ್‌ನಲ್ಲಿ ಕುರ್ಚಿ ಹಾಕಿ ಕೂರಿಸ್ತಾರೆ. ನಾನು ಕೆಮ್ಮಿದ್ರೆ ಟೀವಿ ಸಣ್ಣದು ಮಾಡ್ತಾರೆ. ಬಂದೋರಿಗೆಲ್ಲ ತೋರಿಸ್ತಾರೆ. ಅಲ್ಲಿ ನಾನೇ ಜಪ್ತಿ ಸಾಮಾನು ಕಣ್ರಿ. ಎಲ್ಲಿ ಇಟ್ರೆ ಅಲ್ಲಿರ್ಬೇಕು."

ನಾನು ಸುಳ್ಳು ಸಮಾಧಾನ ಹೇಳುವವಳಲ್ಲ. ನನಗೂ ಆ ಕೋಣೆ ಬೇಕಿತ್ತು. ಇನ್ನೊಂದು ಮಗ್ಗ ಹಾಕಿಸಬೇಕೆಂದು ಎಷ್ಟೋ ದಿನದಿಂದ ಮನಸ್ಸಿತ್ತು, ಜಾಗವಿರಲಿಲ್ಲ. ಅದನ್ನು ಅವರ ಮುಖಕ್ಕೇ ಹೇಳಿದೆ. "ನೀವು ಸೋತ್ರೆ ನಂಗೆ ಲಾಭ ಐತೆ ಅಮೀನ್ರೇ. ತಿಳ್ಕೊಂಡಿರಿ."

"ಗೊತ್ತೈತೆ. ಆದ್ರೂ ಹಾಯಿ ನೀವೇ ಹೊಲೀಬೇಕು. ನನ್ ಕಣ್ಣು ಹೋಗೈತೆ" ಎಂದರು.

ಹಳೆಯ ಹಾಯಿಗಳು ಕಾಗದದವು, ಅಂಟಿನ ರುಚಿಗೆ ಜಿರಲೆ ತಿಂದಿದ್ದವು. ಈ ಯುದ್ಧಕ್ಕೆ ಬಟ್ಟೆಯದೇ ಬೇಕಂತೆ. ಕೆಲಸ ಎಂದ ಮೇಲೆ ಕೆಲಸ. ಬಿಳಿ ರೇಷ್ಮೆಯ ತುಂಡು ಕತ್ತರಿಸಿದೆ, ಅನ್ನದ ಗಂಜಿ ಕಾಯಿಸಿ ಅದ್ದಿದೆ. ಗಾಳಿ ತುಂಬಿದ ಹಾಗೆ ಉಬ್ಬಬೇಕು ಎಂದಿದ್ದರು. ಮನೆಯಲ್ಲಿದ್ದ ಸೌಟುಗಳನ್ನೆಲ್ಲ ಬೋರಲು ಹಾಕಿ ಅವುಗಳ ಬೆನ್ನ ಮೇಲೆ ಬಟ್ಟೆ ಒಣಗಿಸಿದೆ. ಆ ದಿನ ಸಾರು ಬಡಿಸಲು ಸೌಟಿರಲಿಲ್ಲ, ಲೋಟದಲ್ಲಿ ಮೊಗೆದುಕೊಂಡೆವು. ಹಗ್ಗಕ್ಕೆ ರೇಷ್ಮೆ ಎಳೆ. ಅಮೀನರು ಗಂಟು ಹಾಕಿ ಎಂದರು. ಮಗ್ಗದವರು ಎಳೆಗೆ ಗಂಟು ಹಾಕುವುದಿಲ್ಲ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಎರಡು ಎಳೆ ಸೇರಿಸಿ ಹೊಸೆಯುತ್ತೇವೆ, ಅದಕ್ಕೆ ಕೆಚ್ಚುವುದು ಎನ್ನುತ್ತೇವೆ. ಹಾಗೇ ಕೆಚ್ಚಿದೆ. ಮೂರು ಹಡಗಿಗೂ ಹಾಯಿ ಕೂರಿಸಿ, ಅಂಟು ಹಾಕಿ, ಧೂಳು ಬೀಳದ ಹಾಗೆ ಬಿದಿರಿನ ಮಂಕರಿ ಬೋರಲು ಹಾಕಿ ಮುಚ್ಚಿಟ್ಟೆ.

ಭಾನುವಾರ ತಮ್ಮ ಬಂದರು. ಬಸ್ಸಿಗೆ ಎರಡು ಟಿಕೇಟಿನ ಚಿಲ್ಲರೆ ಈಗಲೇ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ ಎಂದು ಬಾಗಿಲಲ್ಲೇ ಹೇಳಿದರು. ಅಮೀನರು ಟಾರ್ಪಾಲು ಹಾಸಿ, ದ್ವೀಪಗಳನ್ನಿಟ್ಟು, ಮಂಕರಿ ಎತ್ತಿದರು.

ತಮ್ಮ ಬಗ್ಗಿ ನೋಡಿದರು. ಆಮೇಲೆ ನಗಲು ಶುರು ಮಾಡಿದವರು ಗೋಡೆ ಹಿಡಿದುಕೊಂಡರು. "ಅಣ್ಣಾ, ಹಾಯಿ ಉಲ್ಟಾ! ಹೊಟ್ಟೆ ಹಿಂದಕ್ಕೈತೆ!"

ಅಮೀನರು ಕನ್ನಡಕವನ್ನು ಹಣೆಗೇರಿಸಿ, ಇಳಿಸಿ, ಹಡಗಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. ನನ್ನ ಕಡೆ ತಿರುಗಿದರು. "ಇದೇನು ಮಗ್ಗದಮ್ಮ?"

"ಏನಾಗೈತೆ? ಮೋಟರ್‌ಸೈಕಲ್ ಮೇಲೆ ಮುಂದಕ್ಕೆ ಹೋದ್ರೆ ಸೆರಗು ಹಿಂದಕ್ಕೆ ಹಾರ್ತೈತೋ, ಮುಂದಕ್ಕೆ ಹಾರ್ತೈತೋ?" ಎಂದೆ.

"ಅದನ್ನ ಓಡಿಸೋದು ಇಂಜಿನ್ನು. ಹಡಗು ಓಡಿಸೋದು ಗಾಳಿ. ಹಿಂದಿಂದ ದಬ್ತೈತೆ, ಹಾಯಿ ಮುಂದಕ್ಕೆ ಉಬ್ತೈತೆ."

"ಮೊದ್ಲೇ ಹೇಳ್ಬೇಕಿತ್ತು."

"ಇದನ್ನೂ ಹೇಳ್ಬೇಕು ಅಂತ ನಂಗೇನ್ ಗೊತ್ತು?" ಎಂದು, ದನಿ ಇಳಿಸಿ ಕೇಳಿದರು. "ಬೇಕಂತ ಮಾಡಿದ್ರಾ?"

"ಬೇಕಂತ ಮಾಡೋಳಾಗಿದ್ರೆ ಗಂಜಿ ಯಾಕ್ರಿ ಕಾಯಿಸ್ತಿದ್ದೆ? ಹಡಗನ್ನೇ ಬಚ್ಚಲ ಒಲೆಗೆ ಹಾಕ್ತಿದ್ದೆ. ನೀರಾದ್ರೂ ಕಾಯ್ತಿತ್ತು."

ಅವರು ತಲೆ ಆಡಿಸಿದರು. ನಂಬಿದರು ಎಂದು ಕಾಣುತ್ತದೆ.

ತಮ್ಮ ಬಿಡಲಿಲ್ಲ. ಹಾಯಿ ಹಿಂದಕ್ಕೆ ಉಬ್ಬಿದ್ದರೆ ಹಡಗು ಹಿಂದಕ್ಕೇ ಹೋಗಬೇಕು, ಕಾನೂನು ಕಾನೂನೇ ಎಂದು ಹಟ ಹಿಡಿದರು. ಅಮೀನರ ಹಡಗುಗಳು ಮೇಜಿನ ತುದಿಯಲ್ಲಿ ನಿಂತಿದ್ದವು, ಹಿಂದೆ ಸಮುದ್ರವೇ ಇಲ್ಲ. ಟಾರ್ಪಾಲಿನಿಂದ ಆಚೆ ಹೋದ ಹಡಗು ಮುಳುಗಿದ ಲೆಕ್ಕ. ಎಂದರೆ ಮೊದಲ ನಡೆಗೇ ಮೂರೂ ನೆಲಕ್ಕೆ ಬಿದ್ದು, ಅಮೀನರು ಬಸ್ಸು ಹತ್ತಬೇಕು. ಅಂಟು ಕಲ್ಲಾಗಿತ್ತು, ಹಾಯಿ ಕಿತ್ತರೆ ಕಂಬವೇ ಮುರಿಯುತ್ತಿತ್ತು.

"ಆಕ್ಷೇಪಣೆ!" ಎಂದರು ಅಮೀನರು.

"ಯಾರ ಮುಂದೆ? ಜಡ್ಜ್ ಎಲ್ಲವ್ನೆ ಇಲ್ಲಿ?" ಎಂದ ತಮ್ಮ ಸುತ್ತ ನೋಡಿ, ನನ್ನನ್ನು ಕಂಡು, ಖುಷಿಯಾದರು. ಕೋಣೆ ನನಗೆ ಬೇಕೆನ್ನುವುದು ಅವರಿಗೂ ಗೊತ್ತಿತ್ತು. "ಅಕ್ಕಾರೇ, ನೀವೇ ಪಂಚರು. ನೀವು ಹೇಳಿದಂಗೆ."

ಅಮೀನರ ಮುಖ ಸಣ್ಣದಾಯಿತು. ಆದರೂ ಒಪ್ಪಿದರು, ಬೇರೆ ಯಾರೂ ಇರಲಿಲ್ಲ. ನಾನು ಕಂಡಿಕೆ ಸುತ್ತುವ ಕೆಲಸ ಬಿಟ್ಟು ಬಂದು ಮೇಜಿನ ಹತ್ತಿರ ನಿಂತೆ. ಗಾಳಿ ಯಾವ ಕಡೆಯದು ಎಂದು ಮೊದಲು ಊದುಬತ್ತಿ ಹಚ್ಚಿ ಕಿಟಕಿಯಲ್ಲಿಟ್ಟು ನೋಡುವುದು ಅವರ ಪದ್ಧತಿ. ಆಷಾಢದಲ್ಲಿ ನಮ್ಮ ಊರಿನ ಗಾಳಿ ಯಾರನ್ನೂ ಕೇಳುವುದಿಲ್ಲ, ಹೊಗೆ ಹುಟ್ಟುವ ಮೊದಲೇ ಹಾರಿಹೋಯಿತು. ಬತ್ತಿಯೂ ಹಾರಿತು. ಅಮೀನರು ಊದುಬತ್ತಿಯನ್ನು ಬೀದಿಯಿಂದ ಹೆಕ್ಕಿಕೊಂಡು ಬಂದರು. ಗಾಳಿಯ ದಿಕ್ಕು ತಿಳಿಯಲಿಲ್ಲ, ಹಾಯಿ ನೋಡಿಯೇ ಹೇಳಬೇಕಾಯಿತು.

"ಹಿಂದಕ್ಕೇ ಹೋಗ್ತೈತೆ" ಎಂದು ನಾನು ತೀರ್ಪು ಹೇಳಿದೆ. ಬಟ್ಟೆ ಉಬ್ಬಿದ ಕಡೆಗೆ ಗಾಳಿ ದಬ್ಬುತ್ತದೆ ಎಂದು ಈಗ ತಾನೇ ಅಮೀನರೇ ಹೇಳಿದ್ದರಲ್ಲ.

ತಮ್ಮ ಚಪ್ಪಾಳೆ ತಟ್ಟಿದರು. ಅಮೀನರು ಮೇಜಿನ ತುದಿ ಹಿಡಿದು ನಿಂತಿದ್ದರು. ಆಮೇಲೆ ನಿಧಾನವಾಗಿ, "ಪಂಚರೇ, ಒಂದು ಅರಿಕೆ. ದಾಳ ಇನ್ನೂ ಬಿದ್ದಿಲ್ಲ. ಹಡಗು ತಿರುಗಿಸಿ ನಿಲ್ಲಿಸ್ಬೋದಾ?" ಎಂದರು.

"ಆಗಲ್ಲ! ಇಟ್ಟಿದ್ದು ಇಟ್ಟಂಗೇ!" ಎಂದು ತಮ್ಮ ಕೂಗಿದರು.

"ಯಾಕಾಗಲ್ಲ? ಸ್ಟ್ಯಾಂಡಲ್ಲಿ ಬಸ್ಸು ಯಾವ ಕಡೆ ಮುಖ ಮಾಡಿ ನಿಂತೈತೆ ಅಂತ ಯಾರಾದ್ರೂ ಜಗಳ ತೆಗೀತಾರಾ? ಹೊರಟ ಮೇಲೆ ತಾನೇ ಲೆಕ್ಕ? ತಿರುಗಿಸ್ರಿ" ಎಂದೆ.

ಅಮೀನರು ಮೂರು ಹಡಗನ್ನೂ ತಿರುಗಿಸಿ, ಶತ್ರುವಿಗೆ ಬೆನ್ನು ತೋರಿಸಿ ನಿಲ್ಲಿಸಿದರು. ದಾಳ ಹಾಕಿದರು. ಹಡಗುಗಳು ಹಿಂದುಮುಂದಾಗಿ ಸಮುದ್ರಕ್ಕೆ ಇಳಿದವು.

ಕಾನೂನಿನಲ್ಲಿ ಇನ್ನೊಂದು ತೊಡಕಿತ್ತು. ಹಡಗಿನ ಹಿಂಬದಿಗೆ ಹೊಡೆದರೆ ಏಟು ಎರಡು ಪಟ್ಟು. ಹಿಂಬದಿಯೇ ಎದುರಿಗೆ ಬರುತ್ತಿದೆಯಲ್ಲ ಎಂದು ತಮ್ಮ ಹಿಗ್ಗಿದರು. ಮತ್ತೆ ನನ್ನ ಮುಂದೆ ಬಂತು. "ಯಾವ ಕಡೆ ಹೋಗ್ತೈತೋ ಅದೇ ಮುಂದೆ" ಎಂದೆ. ಇದಕ್ಕೆ ಓದಬೇಕಾಗಿಲ್ಲ. ತಮ್ಮ ತೆಲುಗಿನಲ್ಲಿ ಏನೋ ಗೊಣಗಿದರು. ನನಗೆ ತೆಲುಗು ಬರುತ್ತದೆ ಎಂದು ಹೇಳಿದೆ. ದಾಳ ಎತ್ತಿಕೊಂಡರು.

ಕಾನೂನಿನಲ್ಲಿ ಸೋತ ಮೇಲೂ ತಮ್ಮನಿಗೆ ಗೆಲ್ಲುವ ದಾರಿ ಇತ್ತು. ಅವರ ಹಡಗು ದೊಡ್ಡವು, ದಾಳವೂ ಚೆನ್ನಾಗಿ ಬೀಳುತ್ತಿತ್ತು. ಕೆಟ್ಟಿದ್ದು ಅವರ ಕಣ್ಣು. ಹಡಗಿನ ಮೂತಿ ಎತ್ತ ಇದೆಯೋ ಅತ್ತಲೇ ಅದು ಹೋಗುತ್ತದೆ ಎಂದು ಹುಟ್ಟಿದಾಗಿನಿಂದ ಒಗ್ಗಿದ ಕಣ್ಣು. ಅಡ್ಡಗಟ್ಟಬೇಕೆಂದು ಮೂತಿಯ ಮುಂದಕ್ಕೆ ತಮ್ಮ ಹಡಗು ಓಡಿಸುವರು, ಅಣ್ಣನ ಹಡಗು ಹಿಂದಕ್ಕೆ ಹೊರಟುಹೋಗಿರುವುದು. "ಥೂ, ಅತ್ಲಾಗ್ ಹೋಗ್ತೈತಲ್ಲೋ!" ಎಂದು ಹಣೆ ಚಚ್ಚಿಕೊಳ್ಳುವರು. ಮತ್ತೆ ಅದನ್ನೇ ಮಾಡುವರು. ತಮ್ಮನ ಒಂದು ಹಡಗು ಗೌರಸಮುದ್ರದ ಕಲ್ಲಿಗೆ ಬಡಿದು ನಿಂತಿತು. ಇನ್ನೊಂದಕ್ಕೆ ಅಮೀನರ ಫಿರಂಗಿಯ ಏಟು ಸಾಲಾಗಿ ಬಿದ್ದು ಕಂಬ ಹೋಯಿತು.

ಅಮೀನರಿಗೂ ಸುಲಭವಿರಲಿಲ್ಲ. ಅವರ ಎರಡು ಹಡಗು ಮುಳುಗಿದವು. ಉಳಿದ ಒಂದನ್ನು ನಡೆಸುವಾಗ ಅಳತೆಯ ಕಡ್ಡಿ ಎರಡು ಸಲ ಜಾರಿತು. ಬಸ್ಸಿನ ಹಾರನ್ನು ಕೇಳಿದಾಗ ಕತ್ತೆತ್ತಿ ಬಾಗಿಲ ಕಡೆ ನೋಡಿದರು. ಮೇಜಿನ ಮೇಲೆ ಜಾಗವಿರಲಿಲ್ಲ, ನಾನು ಟೀ ತಂದು ಅದರ ಬುಡದಲ್ಲಿ ನೆಲಕ್ಕಿಟ್ಟೆ, ಯಾರೂ ಮುಟ್ಟಲಿಲ್ಲ.

ಕೊನೆಗೆ ಒಂದಕ್ಕೊಂದು. ತಮ್ಮನ ದೊಡ್ಡ ಹಡಗು ಮೇಜಿನ ಅಂಚಿನ ಹತ್ತಿರ ಬಂದಿತ್ತು. ಅಮೀನರ ಹಡಗಿನ ಮೂತಿ ಆ ಅಂಚಿನ ಕಡೆಗೇ ಇತ್ತು. ಈಗ ಅಣ್ಣ ಅಂಚು ಹಿಡಿದು ತಪ್ಪಿಸಿಕೊಳ್ಳುತ್ತಾನೆ, ಅದಕ್ಕೆ ಮೊದಲೇ ಅಡ್ಡ ಹಾಕಬೇಕು ಎಂದು ತಮ್ಮ ದಾಳ ಹಾಕಿ, ಬಿದ್ದಷ್ಟೂ ಕಡ್ಡಿ ಅಳೆದು, ಹಡಗನ್ನು ಜೋರಾಗಿ ಮುಂದಕ್ಕೆ ತಳ್ಳಿದರು. ಅಲ್ಲಿ ಟಾರ್ಪಾಲು ಮುಗಿದಿತ್ತು. ಹಡಗು ಮೇಜು ದಾಟಿ ಕೆಳಗಿದ್ದ ಟೀ ಲೋಟದೊಳಗೆ ಮೂತಿ ಊರಿತು.

ಮೂವರೂ ಲೋಟ ನೋಡಿದೆವು.

"ಸಮುದ್ರದಿಂದ ಆಚೆ" ಎಂದೆ ನಾನು.

"ಲೋಟದಲ್ಲೂ ನೀರೈತಲ್ಲ ಅಕ್ಕಾರೇ" ಎಂದರು ತಮ್ಮ. ನಿಜವಾಗಿಯೂ ಹಾಗೆ ಕೇಳಿದರು, ಮಿಲ್ಲಿನ ಯಜಮಾನ.

"ಅದು ಟೀ" ಎಂದೆ.

ಅಮೀನರು ಗೆದ್ದೆ ಎಂದು ಕುಣಿಯಲಿಲ್ಲ. ಚಾಪೆಯ ಮೇಲೆ ಕುಸಿದು ಕೂತು, ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು. ತಮ್ಮ ಎರಡು ಟಿಕೇಟಿನ ಚಿಲ್ಲರೆಯನ್ನು ಜೇಬಿನಿಂದ ತೆಗೆದು ನೋಡಿದರು. ಆಟಕ್ಕಾಗಿ ಅಲ್ಲ, ಅಣ್ಣನನ್ನು ಕರೆದುಕೊಂಡು ಹೋಗಬೇಕೆಂದು ಮನುಷ್ಯ ನಿಜವಾಗಿಯೇ ಬಂದಿದ್ದರು. ಮೇಲಿನ ರೂಮಿಗೆ ಸುಣ್ಣ ಬಳಿಸಿ ಬಂದಿದ್ದರಂತೆ.

"ಊರಲ್ಲಿ ಕೇಳೋರಿಗೆ ಏನಂತ ಹೇಳ್ಲಣ್ಣಾ?" ಎಂದರು.

"ಸಮುದ್ರದಲ್ಲಿ ಸೋತೆ ಅಂತ ಹೇಳು" ಎಂದರು ಅಮೀನರು.

ನಾನು ಇಬ್ಬರಿಗೂ ಮುದ್ದೆ ಹಾಕಿದೆ. ತಮ್ಮ ಎರಡು ಮುದ್ದೆ ಉಂಡು, ಸಂಜೆಯ ಬಸ್ಸಿಗೆ ಒಬ್ಬರೇ ಹೋದರು. ಕೊಟ್ಟ ಮಾತಿನಂತೆ ಮತ್ತೆ ಆ ಸುದ್ದಿ ಎತ್ತಲಿಲ್ಲ, ಭಾನುವಾರವೂ ತಪ್ಪಿಸಲಿಲ್ಲ.

ಮಾರನೆಯ ಬೆಳಗ್ಗೆ ಎದ್ದು ನನ್ನ ಮಂಚವನ್ನು ಪಡಸಾಲೆಗೆ ಎಳೆದು ಹಾಕಿದೆ. ನಾನು ಮಲಗುತ್ತಿದ್ದ ನಡುಮನೆಯ ಕೋಣೆಯನ್ನು ಗುಡಿಸಿ, ಎರಡನೇ ಮಗ್ಗಕ್ಕೆ ಗುಂಡಿ ತೆಗೆಯಲು ಗುದ್ದಲಿಯವನನ್ನು ಕರೆಸಿದೆ. ಅವನು ನಾಲ್ಕು ಏಟು ಹಾಕುವಷ್ಟರಲ್ಲಿ ಅಮೀನರು ಬಾಗಿಲಿಗೆ ಬಂದು, ನೆಲ ಅದುರುತ್ತಿದೆ, ಸಮುದ್ರದಲ್ಲಿ ಅಲೆ ಏಳುತ್ತಿದೆ ಎಂದು ಆಕ್ಷೇಪಣೆ ಹೇಳಿದರು. ನಾನು ಅವರ ಕಡೆ ತಿರುಗಲಿಲ್ಲ. ಇನ್ನೂ ಆಳ ಬೇಕು, ಹೊಡಿ ಎಂದು ಗುದ್ದಲಿಯವನಿಗೆ ಹೇಳಿದೆ.